ವೇಗ ತಗ್ಗಿಸುವಾಗ ಕ್ಲಚ್ ಮೊದಲೋ, ಬ್ರೇಕ್ ಮೊದಲೋ?

ಪ್ರಶ್ನೆ: ಹೊಸ ಸವಾರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಆರು ವರ್ಷ ಸ್ಕೂಟರ್ ಓಡಿಸಿದ ನಾನು ಮೂರು ತಿಂಗಳ ಹಿಂದೆ 125 ಸಿಸಿಯ ಬೈಕ್ ಕೊಂಡಿದ್ದೇನೆ. ಮನೆ ವಿದ್ಯಾನಗರದಲ್ಲಿ, ಕೆಲಸ ಹರಿಹರದಲ್ಲಿ. ಹೋಗಿಬರುವ ದಾರಿ ದಿನಕ್ಕೆ ಸುಮಾರು 30 ಕಿ.ಮೀ. ಆಗುತ್ತದೆ. ಗೇರ್ ಏರಿಸುವುದು ಎರಡು ವಾರದಲ್ಲಿ ರೂಢಿಯಾಯಿತು. ಆದರೆ ವೇಗ ತಗ್ಗಿಸುವ ಹೊತ್ತಿಗೆ ಕ್ಲಚ್ ಮೊದಲು ಹಿಡಿಯಬೇಕೋ, ಬ್ರೇಕ್ ಮೊದಲು ಹಿಡಿಯಬೇಕೋ ಎಂಬುದು ಇಂದಿಗೂ ನನಗೆ ಸ್ಪಷ್ಟವಾಗಿಲ್ಲ.

ಕಳೆದ ತಿಂಗಳು ಹದಡಿ ಕಡೆಯ ಒಂದು ಹಳ್ಳಿ ರಸ್ತೆಯಲ್ಲಿ ಬಿದ್ದೆ. ತಿರುವು ದಾಟುತ್ತಿದ್ದಂತೆ ರಸ್ತೆಯ ಎಡ ಅರ್ಧದಲ್ಲಿ ಮೆಕ್ಕೆಜೋಳ ಒಣಹಾಕಿದ್ದರು, ಬಲಗಡೆಯಿಂದ ಟ್ರಾಕ್ಟರ್ ಬರುತ್ತಿತ್ತು. ನನ್ನ ವೇಗ 40ರ ಆಸುಪಾಸು ಇದ್ದಿರಬೇಕು. ಎಡಗೈ ಲಿವರನ್ನು ಬಿಗಿಯಾಗಿ ಹಿಡಿದುಬಿಟ್ಟೆ. ಗಾಡಿ ನಿಧಾನವಾಗುವ ಬದಲು ಕಟ್ಟು ಬಿಚ್ಚಿದ ಹಾಗೆ ಮುಂದಕ್ಕೆ ಸರಾಗವಾಗಿ ಜಾರಿಕೊಂಡು ಹೋಯಿತು. ಗಾಬರಿಯಲ್ಲಿ ಹಿಂದಿನ ಬ್ರೇಕ್ ಮೆಟ್ಟಿದೆ, ಕಾಳಿನ ಮೇಲೆ ಹಿಂದಿನ ಚಕ್ರ ಪಕ್ಕಕ್ಕೆ ಹೊರಳಿತು. ಮೊಣಕಾಲು ತರಚಿದ್ದು ಬಿಟ್ಟರೆ ದೊಡ್ಡ ಪೆಟ್ಟಾಗಲಿಲ್ಲ. ಆದರೆ ಆ ದಿನದಿಂದ ಪ್ರತಿ ತಿರುವಿನಲ್ಲೂ ಎಡಗೈ ಬಿಗಿಯುತ್ತದೆ.

ಕೇಳಿದವರೆಲ್ಲ ಒಂದೊಂದು ರೀತಿ ಹೇಳುತ್ತಾರೆ. ಹಿಂದೆ ಯೆಜ್ಡಿ ಓಡಿಸುತ್ತಿದ್ದ ನಮ್ಮ ತಂದೆಯವರು, ಇಳಿಜಾರಿನಲ್ಲಿ ಕ್ಲಚ್ ಹಿಡಿದು ಗಾಡಿ ಬಿಡಬೇಕು, ಇಂಜಿನ್ ಮೇಲೆ ಭಾರ ಹಾಕಬಾರದು ಎನ್ನುತ್ತಾರೆ. ಜೊತೆಗೆ ಕೆಲಸ ಮಾಡುವ ಗೆಳೆಯರೊಬ್ಬರು ಗೇರಿನಲ್ಲೇ ವೇಗ ತಗ್ಗಿಸಿ, ಕ್ಲಚ್ ಮುಟ್ಟಲೇಬೇಡಿ ಎನ್ನುತ್ತಾರೆ. ಹಾಗೆ ಮಾಡಿದರೆ ಇಂಜಿನ್ ಬೇಗ ಸವೆಯುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ ಎಂದು ಮತ್ತೊಬ್ಬರ ವಾದ. ಯಾರ ಮಾತು ಸರಿ ಎಂಬುದಕ್ಕಿಂತ, ಏಕೆ ಸರಿ ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಗ್ಯಾರೇಜಿನವರು, ಚಿತ್ರದುರ್ಗ

ತಮ್ಮಾ, ಮೊದಲು ನಿಮ್ಮ ಬೀಳುವಿಕೆಯ ವಿಷಯ. ನೀವು ಬರೆದಿರುವ ಒಂದು ವಾಕ್ಯದಲ್ಲೇ ಕಾರಣ ಇದೆ: ಆರು ವರ್ಷ ಸ್ಕೂಟರ್. ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಂದಿನ ಬ್ರೇಕಿನದು. ಈಚಿನ ಸ್ಕೂಟರುಗಳಲ್ಲಿ ಅದೇ ಲಿವರ್ ಮುಂದಿನ ಬ್ರೇಕನ್ನೂ ಸ್ವಲ್ಪ ಎಳೆಯುತ್ತದೆ. ಅಂದರೆ ಆರು ವರ್ಷ ನಿಮ್ಮ ಎಡಗೈ ಕಲಿತಿರುವುದು ‘ಅಪಾಯ ಬಂದರೆ ಇದನ್ನು ಹಿಡಿ, ಗಾಡಿ ನಿಲ್ಲುತ್ತದೆ’ ಎಂಬ ಪಾಠವನ್ನು. ಬೈಕಿನಲ್ಲಿ ಅದೇ ಜಾಗದಲ್ಲಿ ಇರುವುದು ಕ್ಲಚ್. ಗಾಡಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕೆ ಎಳ್ಳಷ್ಟೂ ಇಲ್ಲ; ಅಷ್ಟೇ ಅಲ್ಲ, ಆ ಗಳಿಗೆಯಲ್ಲಿ ಗಾಡಿಯನ್ನು ತಡೆಯುತ್ತಿದ್ದ ಇಂಜಿನ್ನನ್ನೂ ಅದು ಚಕ್ರದಿಂದ ಬಿಡಿಸಿಹಾಕುತ್ತದೆ. ಕಟ್ಟು ಬಿಚ್ಚಿದ ಹಾಗೆ ಎಂದು ನೀವು ಬರೆದದ್ದು ಅಕ್ಷರಶಃ ನಿಜ.

ಇಂಜಿನ್ ಗಾಡಿಯನ್ನು ತಡೆಯುವುದು ಹೇಗೆ ಎಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಎಕ್ಸಲೇಟರ್ ಬಿಟ್ಟಾಗ ಇಂಜಿನ್ನಿಗೆ ಗಾಳಿ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಆದರೆ ಗಾಡಿ ಇನ್ನೂ ಓಡುತ್ತಿದೆ, ಹಿಂದಿನ ಚಕ್ರ ತಿರುಗುತ್ತಿದೆ, ಚಕ್ರವು ಚೈನಿನ ಮೂಲಕ ಗೇರ್‌ಬಾಕ್ಸನ್ನೂ, ಗೇರ್‌ಬಾಕ್ಸು ಕ್ಲಚ್ಚಿನ ಮೂಲಕ ಇಂಜಿನ್ನನ್ನೂ ಬಲವಂತವಾಗಿ ತಿರುಗಿಸುತ್ತಿದೆ. ಪ್ರತಿ ಸಲ ಪಿಸ್ಟನ್ ಗಾಳಿ ಎಳೆಯಲು ಕೆಳಗಿಳಿದಾಗ ಗಾಳಿ ಸಿಗದೆ ಹೆಣಗಬೇಕಾಗುತ್ತದೆ. ಸೂಜಿ ತೆಗೆದ ಸಿರಿಂಜಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಂದಿನ ಕಡ್ಡಿಯನ್ನು ಎಳೆದು ನೋಡಿ, ಆ ಬಿಗಿ ಕೈಗೆ ಗೊತ್ತಾಗುತ್ತದೆ. ಆ ಬಿಗಿಗೆ ಇಂಜಿನ್ ಒಳಗಿನ ತಿಕ್ಕಾಟವೂ ಸೇರಿ ಹಿಂದಿನ ಚಕ್ರವನ್ನು ತಡೆಯುತ್ತವೆ. ಕಂಪ್ರೆಷನ್ನಿನಿಂದ ಗಾಡಿ ನಿಲ್ಲುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಒತ್ತಿದ ಗಾಳಿ ಮರುಕ್ಷಣವೇ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಪಡೆದದ್ದರ ಬಹುಪಾಲನ್ನು ವಾಪಸು ಕೊಡುವುದರಿಂದ, ಪೆಟ್ರೋಲ್ ಇಂಜಿನ್ನಿನಲ್ಲಿ ಅದರ ಪಾಲು ಕಡಿಮೆ.

ಗೇರ್ ಕೆಳಗಿನದಾದಷ್ಟೂ ಚಕ್ರದ ಒಂದು ಸುತ್ತಿಗೆ ಇಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ಆದ್ದರಿಂದ ತಡೆಯೂ ಹೆಚ್ಚು. ನಾಲ್ಕನೆಯ ಗೇರಿನಲ್ಲಿ ಎಕ್ಸಲೇಟರ್ ಬಿಟ್ಟಾಗ ಹಿತವಾಗಿ ನಿಧಾನವಾಗುವ ಗಾಡಿ, ಅದೇ ವೇಗದಲ್ಲಿ ಎರಡನೆಯ ಗೇರಿಗೆ ಬಿದ್ದರೆ ಮೂಗು ತಗ್ಗಿಸಿ ಕೂಗುತ್ತದೆ. ಆದುದರಿಂದ ಒಂದೊಂದೇ ಗೇರ್ ಇಳಿಸಬೇಕು, ವೇಗ ಆ ಗೇರಿಗೆ ತಕ್ಕಷ್ಟು ಇಳಿದ ಮೇಲೆಯೇ ಇಳಿಸಬೇಕು. ನಾಲ್ಕರಿಂದ ನೇರವಾಗಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ತನ್ನ ಮಿತಿ ಮೀರಿ ತಿರುಗಬಹುದು. ಅಲ್ಲಿ ತಿರುಗಿಸುತ್ತಿರುವುದು ಪೆಟ್ರೋಲಲ್ಲ, ಚಕ್ರ. ಆದ್ದರಿಂದ ಇಂಜಿನ್ ಮಿತಿ ಮೀರದಂತೆ ಕಾಯುವ ರೆವ್ ಲಿಮಿಟರೂ ಅದನ್ನು ತಡೆಯಲಾರದು.

ಈಗ ಕ್ರಮ. ಮುಂದೆ ಹಂಪ್ಸ್ ಕಾಣುತ್ತಿದೆ ಎಂದುಕೊಳ್ಳಿ. ಎಕ್ಸಲೇಟರ್ ಬಿಡಿ, ಕ್ಲಚ್ ಮುಟ್ಟಬೇಡಿ. ಇಂಜಿನ್ ತಡೆಯುತ್ತಿರುವಾಗಲೇ ಮುಂದಿನ ಮತ್ತು ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿಯುತ್ತ ಬನ್ನಿ. ವೇಗ ಇಳಿದು ಇಂಜಿನ್ ಇನ್ನೇನು ಗಡಗಡಿಸುತ್ತದೆ ಎನ್ನುವ ಮುನ್ನ ಕ್ಲಚ್ ಹಿಡಿದು ಒಂದು ಗೇರ್ ಇಳಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಪೂರ್ತಿ ನಿಲ್ಲಿಸುವುದಿದ್ದರೆ ಕೊನೆಯ ನಾಲ್ಕೈದು ಮೀಟರಿನಲ್ಲಿ ಕ್ಲಚ್ ಹಿಡಿದುಕೊಳ್ಳಿ. ಈ ಇಂಜಿನ್ನುಗಳು ಸುಮ್ಮನೆ ನಿಂತಾಗ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತವೆ. ಚಕ್ರ ಅದಕ್ಕಿಂತ ಕೆಳಗೆ ಎಳೆದರೆ ಇಂಜಿನ್ ಆಫ್ ಆಗುತ್ತದೆ. ವೇಗ ತಗ್ಗಿಸುವಾಗ ಕ್ಲಚ್ಚಿನ ಕೆಲಸ ಎರಡೇ: ಗೇರ್ ಬದಲಿಸಲು ಎಡೆಮಾಡಿಕೊಡುವುದು, ಕೊನೆಯಲ್ಲಿ ಇಂಜಿನ್ ಆಫ್ ಆಗದಂತೆ ಕಾಯುವುದು.

ನಿಮ್ಮ ತಂದೆಯವರ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಅದರಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುತ್ತಿದ್ದರು, ಪಿಸ್ಟನ್ನಿಗೆ ಜಿಡ್ಡು ಸಿಗುತ್ತಿದ್ದುದು ಆ ಪೆಟ್ರೋಲಿನಿಂದಲೇ. ಉದ್ದನೆಯ ಇಳಿಜಾರಿನಲ್ಲಿ ಎಕ್ಸಲೇಟರ್ ಮುಚ್ಚಿಕೊಂಡು ಗೇರಿನಲ್ಲೇ ಇಳಿದರೆ ಪೆಟ್ರೋಲಿನ ಜೊತೆಗೆ ಆಯಿಲೂ ಕಡಿಮೆಯಾಗಿ, ಇಂಜಿನ್ ಮಾತ್ರ ವೇಗವಾಗಿ ತಿರುಗಿ, ಪಿಸ್ಟನ್ ಜಾಮ್ ಆಗುವ ಭಯ ನಿಜವಾಗಿಯೂ ಇತ್ತು. ಅವರು ಕ್ಲಚ್ ಹಿಡಿಯುತ್ತಿದ್ದುದಕ್ಕೆ ಕಾರಣವಿತ್ತು. ನಿಮ್ಮ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಇಂಜಿನ್ ಆಯಿಲ್ ಬೇರೆಯೇ ಇದ್ದು, ಇಂಜಿನ್ ತಿರುಗಿದಂತೆಲ್ಲ ಪಂಪು ಅದನ್ನು ತಲುಪಿಸುತ್ತಲೇ ಇರುತ್ತದೆ. ಆ ಭಯ ಇಲ್ಲಿ ಇಲ್ಲ.

ಪೆಟ್ರೋಲಿನ ವಾದವೂ ಉಲ್ಟಾ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಬೈಕುಗಳಲ್ಲಿ ಹೆಚ್ಚಾಗಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಇದೆ. ಗೇರಿನಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟು ಬರುವಾಗ ಇಂಥ ಎಷ್ಟೋ ಗಾಡಿಗಳಲ್ಲಿ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಏಕೆಂದರೆ ಇಂಜಿನ್ನನ್ನು ಚಕ್ರವೇ ತಿರುಗಿಸುತ್ತಿದೆ. ಕ್ಲಚ್ ಹಿಡಿದು ಉರುಳಿಬಿಟ್ಟರೆ ಇಂಜಿನ್ ಆಫ್ ಆಗದಂತೆ ಪೆಟ್ರೋಲ್ ಕೊಡಲೇಬೇಕು.

ಕ್ಲಚ್ ಪೂರ್ತಿ ಹಿಡಿದರೂ ಪ್ಲೇಟು ಅಷ್ಟಾಗಿ ಸವೆಯುವುದಿಲ್ಲ, ಪೂರ್ತಿ ಬಿಟ್ಟರೂ ಸವೆಯುವುದಿಲ್ಲ. ಅರ್ಧ ಹಿಡಿದುಕೊಂಡು ಓಡಿಸಿದರೆ ಸವೆಯುತ್ತದೆ. ಎರಡು ಬೆರಳು ಸದಾ ಲಿವರಿನ ಮೇಲಿಟ್ಟು ಓಡಿಸುವವರ ಗಾಡಿ ಬಿಚ್ಚಿದಾಗ ಸ್ಟೀಲ್ ಪ್ಲೇಟುಗಳು ನೀಲಿಗಟ್ಟಿರುತ್ತವೆ, ಅವುಗಳ ನಡುವಿನ ಫ್ರಿಕ್ಷನ್ ಪ್ಲೇಟುಗಳು ಕರಕಲಾಗಿ ಹುರಿದ ವಾಸನೆ ಹೊಡೆಯುತ್ತವೆ. ನಿಮ್ಮ ಗಾಡಿಯ ಲಿವರಿನ ತುದಿ ಸ್ವಲ್ಪ ಸಡಿಲವಾಗಿ ಆಡುತ್ತದೆಯೇ ನೋಡಿ. ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಆಟ ಇರಬೇಕು. ಆಟವೇ ಇಲ್ಲದಿದ್ದರೆ ನೀವು ಕೈ ಬಿಟ್ಟರೂ ಕ್ಲಚ್ ಪೂರ್ತಿ ಕೂರುವುದಿಲ್ಲ.

ಪ್ರಶ್ನೆ ಕೇಳಿದವರು

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಸ್ಕೂಟರಿನ ಎಡಗೈ ಎಂಬುದು ನನಗೆ ಹೊಳೆದೇ ಇರಲಿಲ್ಲ. ತಂದೆಯವರಿಗೆ ಯೆಜ್ಡಿಯ ಭಾಗವನ್ನು ಓದಿ ಹೇಳಿದೆ. ಒಂದು ಸಲ ಘಟ್ಟ ಇಳಿಯುವಾಗ ಪಿಸ್ಟನ್ ಹಿಡಿದು ಗಾಡಿ ನಡುದಾರಿಯಲ್ಲಿ ನಿಂತದ್ದನ್ನು ಅವರು ನೆನಪಿಸಿಕೊಂಡರು. ಇನ್ನೊಂದು ಸಂದೇಹ: ಮೆಕ್ಕೆಜೋಳದ ಮೇಲೆ, ಅಥವಾ ಮಳೆಯಲ್ಲಿ ಟ್ರಾಕ್ಟರ್ ಚಕ್ರದಿಂದ ಉದುರಿದ ಎರೆಮಣ್ಣಿನ ಮೇಲೆ, ಇಂಜಿನ್ನಿನಿಂದಲೇ ವೇಗ ತಗ್ಗಿಸುವುದು ಸುರಕ್ಷಿತವೇ?

ಉತ್ತರ 2: ಶಿಕ್ಷಕಿ, ಚಿತ್ರದುರ್ಗ–ಹೊಳಲ್ಕೆರೆ ದಿನನಿತ್ಯದ ಸವಾರಿ

ಈ ಸಂದೇಹಕ್ಕೆ ನನ್ನ ಒಂಬತ್ತು ವರ್ಷದ ಓಡಾಟದ ಅನುಭವದಿಂದ ಉತ್ತರಿಸುತ್ತೇನೆ. ಶಾಲೆಗೆ ಹೋಗಲು ನಾನು ಬೈಕನ್ನೇ ಬಳಸುತ್ತೇನೆ, ಮನೆಯಲ್ಲಿ ಸ್ಕೂಟರೂ ಇರುವುದರಿಂದ ಎಡಗೈಯ ಗೊಂದಲವನ್ನು ನಾನೂ ಪಟ್ಟಿದ್ದೇನೆ.

ಇಂಜಿನ್ನಿನ ತಡೆ ಹಿಂದಿನ ಚಕ್ರದ ಮೇಲೆ ಮಾತ್ರ ಬೀಳುತ್ತದೆ ಎಂಬುದನ್ನು ಮರೆಯಬಾರದು. ಗಾಡಿ ನಿಧಾನವಾದಾಗ ಭಾರವೆಲ್ಲ ಮುಂದಕ್ಕೆ ವಾಲಿ, ಹಿಂದಿನ ಚಕ್ರ ಹಗುರವಾಗುತ್ತದೆ. ಗಟ್ಟಿ ಡಾಂಬರಿನ ಮೇಲೆ ಇದರಿಂದ ತೊಂದರೆಯಿಲ್ಲ. ಜೋಳದ ಕಾಳು ಹಾಗಲ್ಲ. ಒಂದೊಂದು ಕಾಳೂ ಟೈರಿನ ಕೆಳಗೆ ಉರುಳುವ ಗೋಲಿ. ಅಂಥ ಕಡೆ ಗೇರ್ ಇಳಿಸಿ ಕ್ಲಚ್ಚನ್ನು ತಟ್ಟನೆ ಬಿಟ್ಟರೆ, ಹಿಂದಿನ ಬ್ರೇಕನ್ನು ಪೂರ್ತಿ ಮೆಟ್ಟಿದ್ದಕ್ಕೂ ಅದಕ್ಕೂ ವ್ಯತ್ಯಾಸವೇ ಇರುವುದಿಲ್ಲ, ಚಕ್ರ ಕಿತ್ತುಕೊಂಡು ಪಕ್ಕಕ್ಕೆ ಹೋಗುತ್ತದೆ.

ನಾನು ಮಾಡುವುದು ಹೀಗೆ. ಒಕ್ಕಣೆಯ ದಿನಗಳಲ್ಲಿ ಹಳ್ಳಿ ರಸ್ತೆಯ ಯಾವುದೇ ತಿರುವಿನ ಆಚೆ ರಾಶಿ ಇದೆ ಎಂದೇ ಎಣಿಸಿ, ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗ, ಒಳ್ಳೆಯ ರಸ್ತೆಯ ಮೇಲೆಯೇ ಗೇರ್ ಇಳಿಸಿಕೊಳ್ಳುತ್ತೇನೆ. ಕಾಳಿನ ಹತ್ತಿರ ಬರುವ ಹೊತ್ತಿಗೆ ಗಾಡಿ ಎರಡನೆಯ ಗೇರಿನಲ್ಲಿ ನಡೆಯುವ ವೇಗಕ್ಕಿಂತ ತುಸು ಹೆಚ್ಚಿರುತ್ತದೆ. ಕಾಳಿನ ಮೇಲೆ ಹೋಗಲೇಬೇಕಾಗಿ ಬಂದರೆ ಬ್ರೇಕ್ ಮುಟ್ಟುವುದಿಲ್ಲ, ಗೇರ್ ಬದಲಿಸುವುದಿಲ್ಲ, ಹ್ಯಾಂಡಲ್ ತಿರುಗಿಸುವುದಿಲ್ಲ. ಎಕ್ಸಲೇಟರನ್ನು ಕೂದಲೆಳೆಯಷ್ಟು ಹಿಡಿದುಕೊಂಡು, ಚಕ್ರ ಎಳೆಯಲೂ ಬಾರದು ತಡೆಯಲೂ ಬಾರದು ಎಂಬಂತೆ ನೆಟ್ಟಗೆ ದಾಟುತ್ತೇನೆ. ಹಿಂದಿನ ಚಕ್ರ ಇಂಜಿನ್ನಿನ ತಡೆಯಿಂದಲೇ ಜಾರಲು ಶುರುವಾಯಿತು ಎನಿಸಿದರೆ, ಆಗ ಮಾತ್ರ ಕ್ಲಚ್ ಹಿಡಿಯುವುದು ಸರಿಯಾದ ಮದ್ದು. ಚಕ್ರ ಬಿಡುಗಡೆಯಾಗಿ ಮತ್ತೆ ತಿರುಗತೊಡಗುತ್ತದೆ.

ಎರೆಮಣ್ಣು ಇದಕ್ಕಿಂತಲೂ ಕಷ್ಟ. ಹಸಿ ಎರೆಮಣ್ಣು ಟೈರಿನ ಗೀರುಗಳಲ್ಲಿ ತುಂಬಿಕೊಂಡು ಟೈರನ್ನೇ ನುಣುಪಾಗಿಸುವುದರಿಂದ, ಮಣ್ಣು ದಾಟಿ ಐವತ್ತು ಅರವತ್ತು ಮೀಟರ್ ಒಳ್ಳೆಯ ರಸ್ತೆಗೆ ಬಂದ ಮೇಲೂ ಹಿಡಿತ ಪೂರ್ತಿ ಸಿಕ್ಕಿರುವುದಿಲ್ಲ.

ಗೇರ್ ಇಳಿಸುವಾಗ ಕ್ಲಚ್ಚನ್ನು ಬಿಡುವ ಮೊದಲು ಎಕ್ಸಲೇಟರನ್ನು ಒಂದು ಸಣ್ಣ ತಿರುವು ಕೊಟ್ಟರೆ, ಇಂಜಿನ್ನಿನ ಸುತ್ತು ಕೆಳಗಿನ ಗೇರಿಗೆ ಹೊಂದುವಷ್ಟು ಏರಿ, ಗಾಡಿ ಜಗ್ಗುವುದಿಲ್ಲ. ಇದು ಕೈಗೆ ಕೂರಲು ನನಗೆ ಒಂದು ಮಳೆಗಾಲ ಬೇಕಾಯಿತು. ಸ್ಲಿಪ್ಪರ್ ಕ್ಲಚ್ ಇರುವ ದೊಡ್ಡ ಗಾಡಿಗಳಲ್ಲಿ, ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರಲ್ಲಿ, ಚಕ್ರದ ಕಡೆಯಿಂದ ಜಗ್ಗು ಹೆಚ್ಚಾದಾಗ ಪ್ಲೇಟುಗಳು ತಾವೇ ತುಸು ಜಾರಿಕೊಡುತ್ತವೆ. 125ರ ಗಾಡಿಯಲ್ಲಿ ಆ ಕೆಲಸವನ್ನು ನಮ್ಮ ಬೆರಳುಗಳೇ ಮಾಡಬೇಕು.

ಮತ್ತೊಂದು ಮಾತು, ಇದನ್ನು ಹೆದ್ದಾರಿಯಲ್ಲಿ ಓಡಾಡುವವರು ವಿಶೇಷವಾಗಿ ಗಮನಿಸಬೇಕು. ಎಕ್ಸಲೇಟರ್ ಬಿಟ್ಟು ಗೇರಿನಲ್ಲೇ ವೇಗ ತಗ್ಗಿಸಿದರೆ ಹಿಂದಿನ ಬ್ರೇಕ್ ಲೈಟ್ ಹತ್ತುವುದಿಲ್ಲ. ಎನ್‌ಎಚ್ 48ರಲ್ಲಿ ಹಿಂದೆ ಲಾರಿ ಬರುತ್ತಿರುವಾಗ ನಾವು ನಿಧಾನವಾದದ್ದು ಆ ಚಾಲಕರಿಗೆ ತಿಳಿಯುವುದು ಹೇಗೆ? ಆದ್ದರಿಂದ ಬ್ರೇಕ್ ಬೇಡವಾಗಿದ್ದರೂ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಎರಡು ಸಲ ಒತ್ತುತ್ತೇನೆ.

ಉತ್ತರ 3: ಘಟ್ಟದ ದಾರಿಯವರು, ದಾವಣಗೆರೆ

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆ ಇದೆ, ಆದರೆ ಒಂದು ಕಡೆ ತಿದ್ದುಪಡಿ ಬೇಕು. ಕ್ಲಚ್ಚನ್ನು ಕೊನೆಯ ನಾಲ್ಕೈದು ಮೀಟರಿನವರೆಗೆ ಮುಟ್ಟಬೇಡಿ ಎಂಬುದು ಸಾವಧಾನವಾಗಿ ನಿಲ್ಲಿಸುವಾಗಿನ ಕ್ರಮ. ರೈಲ್ವೆ ಗೇಟಿನ ಬಳಿ ಮಗು ಅಡ್ಡ ಓಡಿ ಬಂದಾಗ ಆ ಕ್ರಮವನ್ನು ಹಿಡಿದು ಕೂರಬಾರದು. 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಗೇರ್ ಎಣಿಸುತ್ತ ಇಳಿಸಲು ಸಮಯವಿಲ್ಲ. ಅಲ್ಲಿ ಎರಡೂ ಬ್ರೇಕನ್ನು ಹಂತಹಂತವಾಗಿ ಬಿಗಿಗೊಳಿಸುತ್ತ, ಅದೇ ಹೊತ್ತಿಗೆ ಕ್ಲಚ್ಚನ್ನೂ ಪೂರ್ತಿ ಹಿಡಿಯಬೇಕು. ಹಿಂದಿನ ಚಕ್ರ ಹಗುರವಾದ ಆ ಹೊತ್ತಿನಲ್ಲಿ ಬ್ರೇಕಿನ ಜೊತೆಗೆ ಇಂಜಿನ್ನಿನ ತಡೆಯೂ ಸೇರಿದರೆ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ. ಕ್ಲಚ್ ಹಿಡಿದರೆ ಲೆಕ್ಕ ಬ್ರೇಕಿನದೊಂದೇ ಉಳಿಯುತ್ತದೆ. ಇಂಜಿನ್ ಆಫ್ ಆಗದೆ ಇರುವುದರಿಂದ ಪಕ್ಕಕ್ಕೆ ತಪ್ಪಿಸಿಕೊಂಡು ಹೋಗಲೂ ಸಾಧ್ಯ. ಈಗ ಬಿದ್ದ ಭಯದಲ್ಲಿ ಕ್ಲಚ್ಚೇ ಶತ್ರು ಎಂದು ಭಾವಿಸಬೇಡಿ. ನಿಮ್ಮಿಂದ ತಪ್ಪಿದ್ದು ಕ್ಲಚ್ ಹಿಡಿದದ್ದಲ್ಲ, ಬಲಗೈ ಬ್ರೇಕನ್ನು ಹಿಡಿಯದೆ ಅದೊಂದನ್ನೇ ನಂಬಿದ್ದು.

ನಾವು ಕೆಲವರು ವರ್ಷಕ್ಕೊಂದು ಸಲ ಆಗುಂಬೆ ಇಳಿದು ಉಡುಪಿಗೆ ಹೋಗುತ್ತೇವೆ. 14 ಹೇರ್‌ಪಿನ್ ತಿರುವು, ಮಂಜು, ಹಸಿ ರಸ್ತೆ. ಅಲ್ಲಿ ಕ್ಲಚ್ ಹಿಡಿದು ಇಳಿಯುವವರನ್ನು ಪ್ರತಿ ಸಲವೂ ಕಾಣುತ್ತೇವೆ. ಒಂದು ಲೆಕ್ಕ ಹೇಳುತ್ತೇನೆ: ಗಾಡಿ 100 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ತಡೆಯಬೇಕಾದ ಶಕ್ತಿ, ಅದೇ ಗಾಡಿಯನ್ನು 40 ಕಿ.ಮೀ. ವೇಗದಿಂದ ಸುಮಾರು 16 ಸಲ ಪೂರ್ತಿ ನಿಲ್ಲಿಸಿದಷ್ಟು. ಕ್ಲಚ್ ಹಿಡಿದರೆ, ಗಾಳಿಯ ತಡೆಯನ್ನು ಬಿಟ್ಟು ಉಳಿದ ಅಷ್ಟೂ ಶಕ್ತಿ ಶಾಖವಾಗಿ ಬ್ರೇಕಿಗೇ ಹೋಗುತ್ತದೆ. ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಶೂ ಕಾದು, ಪೆಡಲ್ ಒತ್ತಿದರೂ ಹಿಡಿಯದ ಸ್ಥಿತಿ ಬರುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್ ಇಟ್ಟುಕೊಂಡರೆ ಇಂಜಿನ್ ದೊಡ್ಡ ಪಾಲನ್ನು ಹೊರುತ್ತದೆ; ಬ್ರೇಕ್ ತಿರುವಿನ ಮುಂಚೆ ಮಾತ್ರ ಬೇಕಾಗುತ್ತದೆ. ನಮ್ಮ ಸುತ್ತಿನಲ್ಲಿ ಅಭ್ಯಾಸ ಮಾಡಬೇಕೆಂದರೆ ಜೋಗಿಮಟ್ಟಿಯಂಥ ಗುಡ್ಡದ ದಾರಿಯಲ್ಲೂ ಇದು ಚೆನ್ನಾಗಿ ಅರಿವಾಗುತ್ತದೆ.

ಉತ್ತರ 1ರ ಗ್ಯಾರೇಜಿನವರು

ತಿದ್ದುಪಡಿ ಸರಿಯಾಗಿದೆ, ಒಪ್ಪಿಕೊಳ್ಳುತ್ತೇನೆ. ಅದನ್ನು ನಾನೇ ಬರೆಯಬೇಕಿತ್ತು. ಅದಕ್ಕೆ ಒಂದು ಸೇರ್ಪಡೆ ಮಾತ್ರ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಎಬಿಎಸ್ ಕಡ್ಡಾಯ, 125 ಮತ್ತು ಅದಕ್ಕೆ ಕೆಳಗಿನವುಗಳಿಗೆ ಎರಡೂ ಚಕ್ರದ ಬ್ರೇಕನ್ನು ಜೋಡಿಸುವ ಸಿಬಿಎಸ್ ಸಾಕು ಎಂದಾಯಿತು. ಎಬಿಎಸ್ ಇದೆ ಎಂಬ ಧೈರ್ಯದಲ್ಲಿ ಗೇರನ್ನು ಒರಟಾಗಿ ಇಳಿಸುವವರಿದ್ದಾರೆ. ಎಬಿಎಸ್ ಸಡಿಲಿಸಬಲ್ಲದ್ದು ಬ್ರೇಕಿನ ಒತ್ತಡವನ್ನು ಮಾತ್ರ. ಇಂಜಿನ್ ಹಿಡಿದ ಚಕ್ರವನ್ನು ಬಿಡಿಸುವುದು ಅದರ ಕೈಯಲ್ಲಿಲ್ಲ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ

ಭಾನುವಾರ ಬೆಳಗ್ಗೆ ಆರಕ್ಕೆ, ಜನವಿಲ್ಲದ ಒಂದು ಬಡಾವಣೆಯ ಖಾಲಿ ರಸ್ತೆಯಲ್ಲಿ ತಂದೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದೆ. ಒಂದು ಇಟ್ಟಿಗೆ ಇಟ್ಟು, 30ರ ವೇಗದಲ್ಲಿ ಬಂದು ಅದರ ಬಳಿ ನಿಲ್ಲಿಸುವುದು. ಮೊದಲ ಹತ್ತು ಸಲ ಎಡಗೈಯ ನಾಲ್ಕು ಬೆರಳನ್ನೂ ಹ್ಯಾಂಡಲಿನ ಹಿಡಿಗೆ ಸುತ್ತಿಕೊಂಡು, ಕೊನೆಯಲ್ಲಿ ಮಾತ್ರ ಲಿವರಿಗೆ ಚಾಚಿದೆ. ಕ್ಲಚ್ ಹಿಡಿದು ಉರುಳಿಬಿಟ್ಟಾಗ ಬ್ರೇಕ್ ಹಿಡಿಯದೆ ಇಟ್ಟಿಗೆಯನ್ನು ಎಷ್ಟೋ ದೂರ ದಾಟಿ ಹೋಗುತ್ತಿದ್ದ ಗಾಡಿ, ಎರಡನೆಯ ಗೇರಿನಲ್ಲಿ ಎಕ್ಸಲೇಟರ್ ಬಿಟ್ಟೊಡನೆ ಯಾರೋ ಹಿಂದಿನಿಂದ ಸೀಟು ಹಿಡಿದು ಜಗ್ಗಿದಂತೆ ನಿಧಾನವಾಯಿತು. ತಂದೆಯವರೂ ಒಂದು ಸುತ್ತು ಓಡಿಸಿ ನೋಡಿದರು. ಕ್ಲಚ್ ಲಿವರಿನಲ್ಲಿ ಆಟ ಸ್ವಲ್ಪವೂ ಇರಲಿಲ್ಲ, ಅದನ್ನೂ ಸರಿಮಾಡಿಸಿದ್ದೇನೆ. ಗೇರ್ ಇಳಿಸುವಾಗ ಎಕ್ಸಲೇಟರ್ ಕೊಡುವುದು ಮಾತ್ರ ಇನ್ನೂ ಕೈಗೆ ಕೂತಿಲ್ಲ, ನಾಲ್ಕು ಸಲಕ್ಕೆ ಒಂದು ಸಲ ಗಾಡಿ ಜಗ್ಗುತ್ತದೆ.